ನಿನ್ನ ಕೈಕೆಳಗೆ ಎಷ್ಟು ಜನ ಇದಾರೆ?

ಮೊನ್ನೆ ಶನಿವಾರ ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿದ್ದೆ. ಇಲ್ಲಿ ಶನಿವಾರ ರಾತ್ರಿ ಅಂದ್ರೆ ಅಲ್ಲಿ ಭಾನುವಾರ ಬೆಳಿಗ್ಗೆ. ಕಾಫಿ ಕುಡಿದು ಜಗಲಿ ಮೇಲೆ ಪೇಪರ್ ಹಿಡ್ಕೊಂಡು ಕೂತಿರ್ತಾರೆ. ಮಳೆ, ಅಡಿಕೆ ರೇಟು, ಮಂಡಿ ನೋವು - ಈ ಮೂರೂ ಮುಗಿದ ಮೇಲೆ ಎಂದಿನಂತೆ ಆ ಪ್ರಶ್ನೆ ಬಂತು.

"ಈಗ ನಿನ್ನ ಕೈಕೆಳಗೆ ಎಷ್ಟು ಜನ ಇದಾರೆ ಮಾರಾಯ?"

"ಹದಿಮೂರು ಜನ ದೊಡ್ಡಪ್ಪ."

"ಹೋದ ವರ್ಷ ಹದಿನೈದು ಅಂದಿದ್ಯಲ್ಲ?"

"ಹೌದು, ಇಬ್ಬರು ಬೇರೆ ಟೀಮಿಗೆ ಹೋದ್ರು."

ಆ ಕಡೆಯಿಂದ ಒಂದು ಉದ್ದದ "ಹೂಂ..." ಬಂತು. ಆಮೇಲೆ ದೊಡ್ಡಮ್ಮನಿಗೆ ಕೇಳಿಸಬಾರದು ಅನ್ನೋ ಹಾಗೆ ದನಿ ತಗ್ಗಿಸಿ, "ಹಿಂಬಡ್ತಿ ಗಿಂಬಡ್ತಿ ಏನೂ ಆಗಿಲ್ಲ ತಾನೆ?" ಅಂದ್ರು.

ನಗು ತಡೆಯೋಕಾಗಲಿಲ್ಲ. ಆದ್ರೆ ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಆ ಇಬ್ಬರೂ ಬಡ್ತಿ ಸಿಕ್ಕಿ ಹೋದವರು. ಅವರನ್ನ ಆ ಕೆಲಸಕ್ಕೆ ತಯಾರು ಮಾಡಿದ್ದು, ಆ ಟೀಮಿನ ಮ್ಯಾನೇಜರ್ ಹತ್ರ ಅವರ ಬಗ್ಗೆ ಮಾತಾಡಿದ್ದು ನಾನೇ. ಹೋದ ವರ್ಷ ನಾನು ಮಾಡಿದ ಒಳ್ಳೇ ಕೆಲಸ ಯಾವುದು ಅಂತ ಕೇಳಿದ್ರೆ ಅದೇ ಅಂತೀನಿ. ಆದ್ರೆ ದೊಡ್ಡಪ್ಪನ ಲೆಕ್ಕದಲ್ಲಿ ಹದಿನೈದು ಹೋಗಿ ಹದಿಮೂರಾಯ್ತು, ಅಷ್ಟೇ. ಅವರನ್ನ ಬಯ್ಯೋ ಹಾಗಿಲ್ಲ, ಯಾಕಂದ್ರೆ ಹದಿನೈದು ವರ್ಷದ ಹಿಂದೆ ನನ್ನ ಲೆಕ್ಕವೂ ಅದೇ ಆಗಿತ್ತು. ಆ ಲೆಕ್ಕ ತಪ್ಪು ಅಂತ ಗೊತ್ತಾಗೋಕೆ ನಾನು ಒಬ್ಬ ಹುಡುಗನಿಗೆ ಅನ್ಯಾಯ ಮಾಡಬೇಕಾಯ್ತು. ಇವತ್ತು ಅದನ್ನ ಹೇಳೋಣ ಅಂತ ಕೂತಿದೀನಿ.

*

ನಾನಿರೋದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಈ ಊರಲ್ಲಿ ಕಾರು ಬಿಟ್ಟು ಬೇರೆ ಮಾತಿಲ್ಲ. ದೊಡ್ಡ ಕಾರ್ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡೋ ನೂರಾರು ಕಂಪನಿಗಳಿವೆ. ಅಂಥದ್ದೊಂದರಲ್ಲಿ ನಾನು ಎಂಟು ವರ್ಷ ಡಿಸೈನ್ ಎಂಜಿನಿಯರ್ ಆಗಿದ್ದೆ. ಕೆಲಸ ಚೆನ್ನಾಗಿ ಬರ್ತಿತ್ತು. ನಮ್ಮ ವೃತ್ತಿಯ ವಿಚಿತ್ರ ನೋಡಿ, ಕೆಲಸ ಚೆನ್ನಾಗಿ ಮಾಡಿದ್ರೆ ಬಹುಮಾನವಾಗಿ ಆ ಕೆಲಸದಿಂದಲೇ ಬಿಡಿಸಿ ಮ್ಯಾನೇಜರ್ ಮಾಡ್ತಾರೆ! 2010ರಲ್ಲಿ ನನಗೂ ಹಾಗೇ ಆಯ್ತು. ಊರಿಗೆ ಫೋನ್ ಮಾಡಿ ಹೇಳಿದಾಗ ದೊಡ್ಡಪ್ಪ ಮೊದಲ ಸಲ ಆ ಪ್ರಶ್ನೆ ಕೇಳಿದ್ದು. "ಆರು ಜನ" ಅಂತ ಎದೆಯುಬ್ಬಿಸಿ ಹೇಳಿದ್ದೆ.

ಆ ಆರು ಜನಕ್ಕೆ ನಾನು ಕೊಟ್ಟ ಕಾಟ ಅಷ್ಟಿಷ್ಟಲ್ಲ. ನಮ್ಮಲ್ಲೊಂದು ಗಾದೆ ಇದೆಯಲ್ಲ, ತಾನು ಮಾಡೋದು ಉತ್ತಮ, ಮಗ ಮಾಡೋದು ಮಧ್ಯಮ, ಆಳು ಮಾಡೋದು ಹಾಳು ಅಂತ. ಎಂಜಿನಿಯರ್ ಆಗಿದ್ದವನು ಮ್ಯಾನೇಜರ್ ಆದಾಗ ಬರೋ ಮೊದಲ ಕಾಯಿಲೆ ಇದು. ಅವರು ಮಾಡಿದ ಡ್ರಾಯಿಂಗನ್ನ ರಾತ್ರಿ ಮನೇಲಿ ಕೂತು ನಾನೇ ತಿದ್ದುತಿದ್ದೆ. ಅವರು ಬರೆದ ರಿಪೋರ್ಟನ್ನ ಮತ್ತೆ ಬರೀತಿದ್ದೆ. ಕಸ್ಟಮರ್ ಮುಂದೆ ನಾನೇ ನಿಂತು ಹೇಳ್ತಿದ್ದೆ. "ಎಲ್ಲಾ ನಾನೇ ಮಾಡ್ಬೇಕು" ಅಂತ ಹೆಂಡತಿ ಹತ್ರ ಗೊಣಗೋದು ಬೇರೆ. ಯಾರೂ ನನಗೆ ಮಾಡು ಅಂದಿರಲಿಲ್ಲ ಅನ್ನೋದು ಆಗ ಹೊಳೀಲೇ ಇಲ್ಲ.

ನನ್ನ ಟೀಮಿನಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬ ಇದ್ದ. ಇಲ್ಲೇ ಎಂ.ಎಸ್. ಮಾಡಿ ಸೇರಿದ್ದ, ಟೆಸ್ಟಿಂಗ್ ನೋಡ್ಕೊಳ್ತಿದ್ದ. ಎಲ್ಲರ ಎದುರು ನನ್ನ ಹೆಸರು ಹಿಡಿದು ಕರೆದ್ರೂ ಇಬ್ಬರೇ ಇದ್ದಾಗ "ಸಾರ್" ಅನ್ನೋದು ಬಿಟ್ಟಿರಲಿಲ್ಲ. 2011ರ ಒಂದು ಶುಕ್ರವಾರ ಸಂಜೆ, ನಾನು ಸೋಮವಾರದ ಕಸ್ಟಮರ್ ರಿವ್ಯೂಗೆ ಸ್ಲೈಡ್ ಮಾಡ್ತಾ ಕೂತಿದ್ದಾಗ ಬಂದ.

"ಸಾರ್, ಡ್ಯೂರಬಿಲಿಟಿ ಟೆಸ್ಟಲ್ಲಿ ಒಂದು ಬ್ರ್ಯಾಕೆಟ್ ಕ್ರ್ಯಾಕ್ ಆಗಿದೆ. ವೆಲ್ಡ್ ಪಕ್ಕ, ಕೂದಲೆಳೆ ಅಷ್ಟು. ಆರರಲ್ಲಿ ಒಂದಕ್ಕೆ ಮಾತ್ರ."

ಗೊತ್ತಿಲ್ಲದವರಿಗೆ ಒಂದು ಮಾತು. ಡ್ಯೂರಬಿಲಿಟಿ ಟೆಸ್ಟ್ ಅಂದ್ರೆ ಒಂದು ಭಾಗವನ್ನ ಯಂತ್ರಕ್ಕೆ ಕಟ್ಟಿ, ಕಾರು ಅದರ ಆಯುಷ್ಯದಲ್ಲಿ ತಿನ್ನೋ ಗುಂಡಿ-ಕುಲುಕಾಟವನ್ನೆಲ್ಲ ಕೆಲವೇ ವಾರಗಳಲ್ಲಿ ತಿನ್ನಿಸೋದು. ಲಕ್ಷಾಂತರ ಸಲ ಎಳೆದು ಬಿಟ್ಟು ಎಳೆದು ಬಿಟ್ಟು ಮಾಡಿದಾಗ ಲೋಹ ಸುಸ್ತಾಗತ್ತೆ. ವೆಲ್ಡ್ ಆದ ಜಾಗದ ಪಕ್ಕದಲ್ಲೇ ಮೊದಲು ಬಾಯಿ ಬಿಡೋದು ಮಾಮೂಲು. ಆರರಲ್ಲಿ ಒಂದು ಬಿರುಕು ಬಿಟ್ರೆ ಅದು ವೆಲ್ಡರ್ ಕೈತಪ್ಪೋ ಡಿಸೈನ್ ತಪ್ಪೋ ಅಂತ ಕೂತು ನೋಡ್ಬೇಕು. ಇದು ನನಗೆ ಚೆನ್ನಾಗೇ ಗೊತ್ತಿತ್ತು. ಆದ್ರೂ ಸ್ಕ್ರೀನಿಂದ ತಲೆ ಎತ್ತದೇ ಹೇಳಿದೆ: "ಪ್ರಾಬ್ಲಂ ಹೇಳ್ಬೇಡ ಮಾರಾಯ, ಸೊಲ್ಯೂಷನ್ ತಗೊಂಡು ಬಾ. ಈಗ ಟೈಮಿಲ್ಲ."

"ಸರಿ ಸಾರ್" ಅಂತ ಹೋದ. ಮತ್ತೆ ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಆ ಮಾತನ್ನ ನಾನು ಯಾವುದೋ ಮ್ಯಾನೇಜ್‌ಮೆಂಟ್ ತರಬೇತಿಯಲ್ಲಿ ಕೇಳಿಸ್ಕೊಂಡು ಬಂದಿದ್ದೆ. ಹೇಳೋಕೆ ಬಹಳ ಚೆನ್ನಾಗಿರತ್ತೆ. ಆದ್ರೆ ಕೇಳೋನಿಗೆ ಅದರ ಅರ್ಥ ಇಷ್ಟೇ: ಪರಿಹಾರ ಗೊತ್ತಿಲ್ಲದ ಸಮಸ್ಯೆ ಇದ್ರೆ ಬಾಯಿ ಮುಚ್ಕೊಂಡಿರು.

ಎರಡು ತಿಂಗಳಾದ ಮೇಲೆ ಕಸ್ಟಮರ್ ತಮ್ಮದೇ ಟೆಸ್ಟಿನಲ್ಲಿ ಅದೇ ಬಿರುಕನ್ನ ಕಂಡುಹಿಡಿದರು. ಅಷ್ಟೊತ್ತಿಗೆ ಟೂಲಿಂಗ್ ಆಗಿಹೋಗಿತ್ತು. ಡ್ರಾಯಿಂಗ್‌ನಲ್ಲಿ ಒಂದು ಗೆರೆ ಬದಲಾಯಿಸಿದ್ರೆ ಮುಗೀತಿದ್ದ ಕೆಲಸಕ್ಕೆ ಈಗ ಅಚ್ಚನ್ನೇ ಬದಲಾಯಿಸಬೇಕು. ದೊಡ್ಡ ಮೀಟಿಂಗ್ ಕರೆದರು. ನನ್ನ ಬಾಸ್ ಕೇಳಿದ್ರು, "ಇದು ನಮಗೆ ಮೊದಲೇ ಗೊತ್ತಿತ್ತಾ?"

ಆಗ ನಾನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಟೆಸ್ಟಿಂಗಿಂದ ಸರಿಯಾದ ರಿಪೋರ್ಟ್ ಬಂದಿರಲಿಲ್ಲ" ಅಂದೆ.

ನೋಡಿ, ಅದು ಪೂರ್ತಿ ಸುಳ್ಳಲ್ಲ. ಲಿಖಿತ ರಿಪೋರ್ಟ್ ಬಂದಿರಲಿಲ್ಲ. ಅದಕ್ಕೇ ಅದು ಸುಳ್ಳಿಗಿಂತ ಕಡೆ. ಆ ಹುಡುಗ ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಕೂತಿದ್ದ. ನನ್ನ ಮುಖ ನೋಡಲಿಲ್ಲ, ಏನೂ ಹೇಳಲಿಲ್ಲ, ನೋಟ್‌ಬುಕ್ಕಲ್ಲಿ ಏನೋ ಬರೀತಾ ಇದ್ದ. ನಾಲ್ಕು ತಿಂಗಳಾದ ಮೇಲೆ ಬೇರೆ ಕಡೆ ಕೆಲಸ ಸಿಕ್ಕಿ ಹೊರಟುಹೋದ. ದೊಡ್ಡಪ್ಪನ ಲೆಕ್ಕದಲ್ಲಿ ಆರು ಐದಾಯ್ತು.

*

ಅದರ ಮುಂದಿನ ವರ್ಷ, ಅಂದ್ರೆ 2012ರಲ್ಲಿ, ಬ್ರೈಸ್ ಹಾಫ್‌ಮನ್ ಅನ್ನೋ ಪತ್ರಕರ್ತ ಬರೆದ 'ಅಮೆರಿಕನ್ ಐಕಾನ್' ಅನ್ನೋ ಪುಸ್ತಕ ಬಂತು. ಫೋರ್ಡ್ ಕಂಪನಿಯನ್ನ ಅಲನ್ ಮುಲಾಲಿ ಹೇಗೆ ಎತ್ತಿ ನಿಲ್ಲಿಸಿದ್ರು ಅನ್ನೋ ಕಥೆ. ನಮ್ಮನೆಯಿಂದ ಅರ್ಧ ಗಂಟೆ ಹೋದ್ರೆ ಡಿಯರ್‌ಬಾರ್ನ್, ಫೋರ್ಡಿನ ಹೆಡ್ ಆಫೀಸು. ಇಲ್ಲಿನ ಎಂಜಿನಿಯರುಗಳೆಲ್ಲ ಆ ಪುಸ್ತಕ ಓದೋರೇ. ನಾನೂ ತಂದೆ.

ಮುಲಾಲಿ ಮೂಲತಃ ನಮ್ಮಂಥವರೇ, ಎಂಜಿನಿಯರ್. ಬೋಯಿಂಗ್‌ನಲ್ಲಿ 777 ವಿಮಾನದ ಯೋಜನೆ ಮುನ್ನಡೆಸಿದವರು. 2006ರ ಸೆಪ್ಟೆಂಬರಿನಲ್ಲಿ ಫೋರ್ಡಿಗೆ ಬಂದಾಗ ಕಂಪನಿ ಮುಳುಗ್ತಾ ಇತ್ತು. ಆ ಒಂದು ವರ್ಷದ ನಷ್ಟವೇ 1,200 ಕೋಟಿ ಡಾಲರಿಗೂ ಹೆಚ್ಚು. ಪ್ರತಿ ಗುರುವಾರ ಎಲ್ಲಾ ದೊಡ್ಡ ಅಧಿಕಾರಿಗಳ ಮೀಟಿಂಗ್ ಶುರು ಮಾಡಿದರು. ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಬಣ್ಣ ಹಚ್ಚಿ ತರಬೇಕು. ಸರಿ ಇದ್ರೆ ಹಸಿರು, ಅನುಮಾನ ಇದ್ರೆ ಹಳದಿ, ಕೆಟ್ಟಿದ್ರೆ ಕೆಂಪು. ಬಂದಿದ್ದೇನು? ಎಲ್ಲಾ ಹಸಿರು! ಮಲೆನಾಡಿನ ಗದ್ದೆ ಇದ್ದ ಹಾಗೆ. ಕೋಟಿಗಟ್ಟಲೆ ಕಳ್ಕೊಳ್ತಾ ಇರೋ ಕಂಪನಿಯಲ್ಲಿ ಕೆಟ್ಟಿರೋದು ಏನೂ ಇಲ್ವಾ ಅಂತ ಮುಲಾಲಿ ಕೇಳಿದರಂತೆ. ಯಾರೂ ಉಸಿರೆತ್ತಲಿಲ್ಲ. ಆ ಕಂಪನಿಯಲ್ಲಿ ಅಲ್ಲೀವರೆಗೆ ಕೆಂಪು ತೋರಿಸೋದು ಅಂದ್ರೆ ತಲೆ ಕೊಡೋದು ಅಂತಲೇ ಅರ್ಥ ಇತ್ತು.

ಕೊನೆಗೊಂದು ದಿನ ಮಾರ್ಕ್ ಫೀಲ್ಡ್ಸ್ ಅನ್ನೋ ಅಧಿಕಾರಿ ಕೆಂಪು ತೋರಿಸಿದ್ರು. ಕೆನಡಾದಲ್ಲಿ ತಯಾರಾಗ್ತಿದ್ದ ಹೊಸ ಎಡ್ಜ್ ಕಾರಿನಲ್ಲಿ ಏನೋ ತಾಂತ್ರಿಕ ತೊಂದರೆ, ಬಿಡುಗಡೆ ನಿಲ್ಲಿಸಿದೀನಿ ಅಂತ. ಇವನ ಕಥೆ ಮುಗೀತು ಅಂತ ಎಲ್ಲರೂ ಅಂದುಕೊಂಡರು. ಆಗ ಚಪ್ಪಾಳೆ ಸದ್ದು ಕೇಳಿಸ್ತಂತೆ. ತಟ್ಟುತ್ತಾ ಇದ್ದಿದ್ದು ಮುಲಾಲಿ. ವಿಷಯ ಬಿಚ್ಚಿಟ್ಟಿದ್ದಕ್ಕೆ ಮೆಚ್ಚಿಕೊಂಡು, ಇವರಿಗೆ ಯಾರು ಸಹಾಯ ಮಾಡಬಹುದು ಅಂತ ಸುತ್ತ ನೋಡಿದರು. ತಕ್ಷಣ ಅಲ್ಲಿದ್ದವರು ಒಬ್ಬೊಬ್ಬರಾಗಿ ನಾನು ಜನ ಕಳಿಸ್ತೀನಿ, ನಾನು ನೋಡ್ತೀನಿ ಅಂದ್ರು. ಮುಂದಿನ ವಾರಗಳಲ್ಲಿ ಉಳಿದವರ ಹಾಳೆಗಳಲ್ಲೂ ಕೆಂಪು ಹಳದಿ ಕಾಣಿಸಿಕೊಂಡವು. ಮುಂದೆ 2014ರಲ್ಲಿ ಮುಲಾಲಿ ನಿವೃತ್ತರಾದಾಗ ಆ ಜಾಗಕ್ಕೆ ಬಂದವರು ಇದೇ ಫೀಲ್ಡ್ಸ್.

ಬರೀ ಚಪ್ಪಾಳೆಯಿಂದ ಫೋರ್ಡ್ ಉಳೀಲಿಲ್ಲ ಬಿಡಿ. 2006ರಲ್ಲೇ ಆಸ್ತಿಯನ್ನೆಲ್ಲ ಅಡ ಇಟ್ಟು 2,300 ಕೋಟಿ ಡಾಲರಿಗೂ ಹೆಚ್ಚು ಸಾಲ ಎತ್ತಿಟ್ಟುಕೊಂಡಿದ್ದರು. 2009ರಲ್ಲಿ ಜಿ.ಎಂ. ಮತ್ತು ಕ್ರೈಸ್ಲರ್ ದಿವಾಳಿ ಕೋರ್ಟಿಗೆ ಹೋದಾಗಲೂ ಫೋರ್ಡ್ ಹೋಗಲಿಲ್ಲ ಅಂದ್ರೆ ಆ ಸಾಲವೂ ಕಾರಣ. ಫ್ಯಾಕ್ಟರಿ ಮುಚ್ಚಿದ್ದು, ಸಾವಿರಾರು ಜನ ಮನೆಗೆ ಹೋಗಿದ್ದು ಕೂಡ ಅದೇ ಕಥೆಯ ಭಾಗ. ಅದನ್ನ ಮರೆತು ಭಜನೆ ಮಾಡೋದು ಬೇಡ.

ಆದ್ರೆ ಆ ಚಪ್ಪಾಳೆಯ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಹತ್ರವೂ ಒಬ್ಬ ಕೆಂಪು ತಂದಿದ್ದ. ಶುಕ್ರವಾರ ಸಂಜೆ, ಬಾಗಿಲ ಹತ್ರ ನಿಂತ್ಕೊಂಡು. ನಾನು ತಲೆ ಕೂಡ ಎತ್ತಿರಲಿಲ್ಲ.

*

ನಮ್ಮ ವೃತ್ತಿಯಲ್ಲಿ ಇದು ಬರೀ ದುಡ್ಡಿನ ವಿಷಯ ಅಲ್ಲ. 1986ರ ಜನವರಿ 27ರ ರಾತ್ರಿ, ಚಾಲೆಂಜರ್ ಹಾರೋ ಹಿಂದಿನ ದಿನ, ಅದರ ರಾಕೆಟ್ ಮಾಡಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು ಫೋನಿನಲ್ಲಿ ಗಂಟೆಗಟ್ಟಲೆ ವಾದ ಮಾಡಿದ್ದರು. ಇಷ್ಟು ಚಳಿಯಲ್ಲಿ ರಬ್ಬರ್ ಉಂಗುರ ಗಟ್ಟಿಯಾಗಿ ಸಂದು ಮುಚ್ಚಲ್ಲ, ಹಾರಿಸಬೇಡಿ ಅಂತ. ಕೊನೆಗೆ ಅವರ ಮೇಲಿನ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕ್ಕೊಳ್ಳಿ ಅಂದರು. ಅವರು ಹಾಕ್ಕೊಂಡ್ರು. ಮಾರನೇ ದಿನ ಹಾರಿದ 73 ಸೆಕೆಂಡಿಗೆ ಏಳು ಜನ ಹೋದರು. ತನಿಖೆಯಲ್ಲಿ ಇದೆಲ್ಲ ದಾಖಲಾಗಿದೆ. ಬೇರೆ ಬೇರೆ ಟೋಪಿ ಇದೆ ಅಂತ ಅಂದುಕೊಳ್ಳೋದೇ ತಪ್ಪು ಅಂತ ನನಗನ್ಸತ್ತೆ. ಮ್ಯಾನೇಜರ್ ಆದವನ ಮೊದಲ ಎಂಜಿನಿಯರಿಂಗ್ ಕೆಲಸವೇ ಕೆಟ್ಟ ಸುದ್ದಿ ಮೇಲಕ್ಕೆ ಬರೋ ದಾರಿಯನ್ನ ಮುಚ್ಚದೇ ಇಟ್ಟುಕೊಳ್ಳೋದು.

ಇದಕ್ಕೆ ವಿರುದ್ಧವಾದ ಉದಾಹರಣೆ ಹುಡುಕೋಕೆ ಅಮೆರಿಕದಲ್ಲೇ ಇರಬೇಕಾಗಿಲ್ಲ. ನಮ್ಮ ಬೆಂಗಳೂರಲ್ಲೇ ಇದ್ರು - ಸತೀಶ್ ಧವನ್. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಮ್ಮ ಹಿರಿಯರು ಕರೀತಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ 1962ರಿಂದ 1981ರವರೆಗೆ ನಿರ್ದೇಶಕರು. 1972ರಲ್ಲಿ ಇಸ್ರೋ ಅಧ್ಯಕ್ಷತೆ ವಹಿಸಿಕೊಂಡಾಗಲೂ ಸಂಸ್ಥೆಯನ್ನ ಬಿಡಲಿಲ್ಲ. ಬಾಹ್ಯಾಕಾಶದ ಮುಖ್ಯ ಕಚೇರಿ ಬೆಂಗಳೂರಲ್ಲಿ ನೆಲೆ ನಿಂತಿದ್ದಕ್ಕೆ ಅವರೇ ಕಾರಣ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್.ಎಲ್.ವಿ.-3 ಮೊದಲ ಸಲ ಹಾರಿ ಬಂಗಾಳ ಕೊಲ್ಲಿಗೆ ಬಿತ್ತು. ಅದರ ಯೋಜನಾ ನಿರ್ದೇಶಕರು ಅಬ್ದುಲ್ ಕಲಾಂ. ಅವತ್ತು ಪತ್ರಕರ್ತರ ಮುಂದೆ ಧವನ್ ತಾವೇ ಕೂತು, ಸೋಲನ್ನ ತಮ್ಮ ತಲೆ ಮೇಲೆ ಹಾಕ್ಕೊಂಡು, ನನ್ನ ತಂಡದ ಮೇಲೆ ನನಗೆ ನಂಬಿಕೆ ಇದೆ ಅಂದರು. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನ ಕಕ್ಷೆಗೆ ಸೇರಿಸಿತು. ಈ ಸಲ ಧವನ್ ಕಲಾಂ ಅವರನ್ನ ಕರೆದು, ಪತ್ರಿಕಾಗೋಷ್ಠಿ ನೀವೇ ಮಾಡಿ ಅಂತ ಕಳಿಸಿದರು. ಕಲಾಂ ಇದನ್ನ ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳ್ತಿದ್ದರು. ಎಷ್ಟೋ ಜನ ಫಾರ್ವರ್ಡ್ ಮಾಡಿ ಸವೆದುಹೋಗಿರೋ ಕಥೆ, ನಿಮಗೂ ಗೊತ್ತಿರತ್ತೆ. ನನಗೂ ಗೊತ್ತಿತ್ತು. ಕಾಲೇಜಿನ ದಿನಗಳಿಂದ ಗೊತ್ತಿತ್ತು! ಆ ಮೀಟಿಂಗಲ್ಲಿ "ಟೆಸ್ಟಿಂಗಿಂದ ರಿಪೋರ್ಟ್ ಬಂದಿರಲಿಲ್ಲ" ಅಂದಾಗ ಮಾತ್ರ ನೆನಪಾಗಲಿಲ್ಲ. ಕಥೆ ಗೊತ್ತಿರೋದು ಬೇರೆ, ಬಾಸ್ ಎದುರು ಬೆವರ್ತಾ ಇರುವಾಗ ಅದು ಬಾಯಿಗೆ ಬರೋದು ಬೇರೆ.

*

ಆ ಹುಡುಗ ಮತ್ತೆ ಸಿಕ್ಕಿದ್ದು 2018ರಲ್ಲಿ, ಇಲ್ಲಿನ ಪಂಪ ಕನ್ನಡ ಕೂಟದ ಒಂದು ಕಾರ್ಯಕ್ರಮದಲ್ಲಿ, ಊಟದ ಸಾಲಲ್ಲಿ. ಕೈಯಲ್ಲಿ ಮಗಳು. ಬಿಸಿಬೇಳೆ ಬಾತ್ ಹಾಕಿಸ್ಕೊಂಡು ಒಂದೇ ಟೇಬಲ್ಲಿಗೆ ಕೂತ್ವಿ. ಆ ಮಾತು ಈ ಮಾತು ಆದ ಮೇಲೆ ನಾನೇ ಎತ್ತಿದೆ. "ಅವತ್ತು ನಾನು ಮಾಡಿದ್ದು ತಪ್ಪು. ನೀನು ಹೇಳಿದ್ದೆ, ನಾನೇ ಕೇಳಿಸ್ಕೊಳ್ಳಲಿಲ್ಲ. ಅದನ್ನ ಅಲ್ಲೇ ಹೇಳ್ಬೇಕಿತ್ತು."

ಅವನು ನಕ್ಕ. "ಬಿಡಿ ಸಾರ್, ಹಳೇದು" ಅಂದ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ, "ಅವತ್ತು ಸಂಜೆ ಮನೆಗೆ ಹೋಗಿ ಹೆಂಡ್ತಿಗೆ ಸೂಟ್‌ಕೇಸ್ ಇಳಿಸಿ ಇಡು ಅಂದಿದ್ದೆ ಸಾರ್. ನಿಜವಾಗ್ಲೂ ಇಳಿಸಿದ್ವಿ. ಒಂದು ವಾರ ಹಾಲಲ್ಲೇ ಇತ್ತು."

ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಅಲ್ಲೀವರೆಗೆ ನಾನು ಅದನ್ನ ಅವನ ಮಾನದ ಪ್ರಶ್ನೆ ಅಂದುಕೊಂಡಿದ್ದೆ. ಅವನಿಗೆ ಅದು ಈ ದೇಶದಲ್ಲಿ ಇರೋದಾ ಬಿಡೋದಾ ಅನ್ನೋ ಪ್ರಶ್ನೆ.

ಎಚ್-1ಬಿ ಮೇಲೆ ಇದ್ದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಊರಲ್ಲಿರೋರಿಗೆ ಹೇಳ್ತೀನಿ. ಈ ವೀಸಾ ನಿಮ್ಮದಲ್ಲ, ನಿಮಗೆ ಕೆಲಸ ಕೊಟ್ಟ ಕಂಪನಿಯ ಜೊತೆ ಕಟ್ಟಿದ್ದು. ಮೂರು ವರ್ಷ, ಮತ್ತೆ ಮೂರು ವರ್ಷ. ಆಮೇಲೆ ಮುಂದುವರಿಯಬೇಕಾದ್ರೆ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತಕ್ಕೆ ಬಂದಿರಬೇಕು. ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ವರ್ಷಕ್ಕೆ ನೂರಕ್ಕೆ ಏಳರ ಮಿತಿ ಇರೋದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕೂ ಉದ್ದ. 2017ರ ಜನವರಿಯಿಂದ ಕೆಲಸ ಹೋದ್ರೆ ಇನ್ನೊಂದು ಹುಡುಕೋಕೆ 60 ದಿನದವರೆಗೆ ಕಾಲಾವಕಾಶ ಅಂತ ನಿಯಮ ಬಂತು. 2011ರಲ್ಲಿ ಅದೂ ಇರಲಿಲ್ಲ. ಅಂಥವನ ಎದುರು ಕೂತು "ನನ್ನ ಬಾಗಿಲು ಯಾವಾಗಲೂ ತೆರೆದಿರತ್ತೆ, ಧೈರ್ಯವಾಗಿ ಮಾತಾಡು" ಅನ್ನೋದು ಸುಲಭ. ಧೈರ್ಯಕ್ಕೆ ಅವನು ತೆರಬೇಕಾದ ಬೆಲೆ ಎಷ್ಟು ಅಂತ ಹೇಳೋನಿಗೆ ಗೊತ್ತಿರಬೇಕು. ಅದರಲ್ಲೂ ನಾನೇ ಆ ಸಾಲಲ್ಲಿ ವರ್ಷಗಟ್ಟಲೆ ನಿಂತು ಬಂದವನು. ಕಾರ್ಡ್ ಕೈಗೆ ಬಂದ ಮರುದಿನವೇ ಮರೆತುಬಿಟ್ಟಿದ್ದೆ ಅನ್ಸತ್ತೆ.

ಬೆಳವಣಿಗೆಗೂ ಇದೇ ಅಡ್ಡಗಾಲು. ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾದ ಪರ್ಮ್ ಅರ್ಜಿ ಒಂದು ನಿರ್ದಿಷ್ಟ ಕೆಲಸಕ್ಕೆ ಹಾಕೋದು. ಬಡ್ತಿ ಸಿಕ್ಕಿ ಕೆಲಸದ ಸ್ವರೂಪವೇ ಬದಲಾದ್ರೆ ಮತ್ತೆ ಹೊಸದಾಗಿ ಹಾಕಬೇಕಾಗಬಹುದು. ಅದಕ್ಕೇ ಎಷ್ಟೋ ಜನ ಜಾಣ ಎಂಜಿನಿಯರುಗಳು ಬಡ್ತಿ ಬೇಡ ಅಂತ ಅದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತಿರ್ತಾರೆ. ಹೊರಗಿನವರಿಗೆ ಅವರಲ್ಲಿ ಮಹತ್ವಾಕಾಂಕ್ಷೆ ಇಲ್ಲ ಅಂತ ಕಾಣಿಸತ್ತೆ. ಈಗ ನನ್ನ ಟೀಮಿಗೆ ಯಾರು ಬಂದ್ರೂ ಅವರ ಅರ್ಜಿ ಯಾವ ಹಂತದಲ್ಲಿದೆ ಅಂತ ಅವರೇ ಹೇಳಿದ್ರೆ ಕೇಳಿಸ್ಕೊಂಡು, ಬಡ್ತಿಯ ಮಾತೆತ್ತೋ ಮೊದಲೇ ಎಚ್.ಆರ್. ಮತ್ತು ವಕೀಲರ ಹತ್ರ ಕೂರಿಸ್ತೀನಿ. ಇದು ಯಾವ ಲೀಡರ್‌ಶಿಪ್ ಪುಸ್ತಕದಲ್ಲೂ ನನಗೆ ಸಿಕ್ಕಿದ್ದಲ್ಲ.

*

ಈಗ ನಾನು ಮಾಡೋದೇನು ಅಂತ ಕೇಳಿದ್ರೆ ದೊಡ್ಡ ವಿದ್ಯೆ ಏನಿಲ್ಲ. ವಾರಕ್ಕೆ ಅರ್ಧ ಗಂಟೆ ಒಬ್ಬೊಬ್ಬರ ಜೊತೆ ಕೂರ್ತೀನಿ. ಮಾತಾಡೋ ವಿಷಯ ಅವರದ್ದು. ಪ್ರಾಜೆಕ್ಟ್ ಎಲ್ಲಿಗೆ ಬಂತು ಅಂತ ನಾನಾಗಿ ಕೇಳಲ್ಲ, ಅದಕ್ಕೆ ಬೇರೆ ಮೀಟಿಂಗುಗಳು ಬೇಕಾದಷ್ಟಿವೆ. ಯಾರಾದ್ರೂ ಕೆಟ್ಟ ಸುದ್ದಿ ತಂದ್ರೆ ಲ್ಯಾಪ್‌ಟಾಪ್ ಮುಚ್ಚಿ ಮೊದಲು "ಹೇಳಿದ್ದು ಒಳ್ಳೇದಾಯ್ತು" ಅಂತೀನಿ, ಆಮೇಲೆ "ಯಾರ ಸಹಾಯ ಬೇಕು?" ಅಂತೀನಿ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ರೂ ಈ ಎರಡು ಮಾತು ಮೊದಲು. ಕಸ್ಟಮರ್ ರಿವ್ಯೂನಲ್ಲಿ ಕೆಲಸ ಮಾಡಿದವರೇ ನಿಂತು ಹೇಳ್ತಾರೆ, ನಾನು ಪಕ್ಕದಲ್ಲಿ ಕೂರ್ತೀನಿ. ಪ್ರಶ್ನೆ ಬಿಸಿಯಾದ್ರೆ ಮಾತ್ರ ನಾನು ಎದ್ದೇಳೋದು.

ಜನ ಮೊದಲು ಅಂದ್ರೆ ಎಲ್ಲರಿಗೂ ಬೆಣ್ಣೆ ಹಚ್ಚೋದು ಅಂತಲ್ಲ. ಕೆಲಸ ಆಗ್ತಾ ಇಲ್ಲ ಅಂದ್ರೆ ಅದನ್ನ ನೇರವಾಗಿ, ಬೇಗ, ಒಬ್ಬರೇ ಇದ್ದಾಗ ಹೇಳ್ಬೇಕು. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಬಾಂಬ್ ಹಾಕೋದು ಹೇಡಿತನ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಇಲ್ಲಿನ ಕಾರ್ ಫ್ಯಾಕ್ಟರಿಗಳೆಲ್ಲ ಎರಡು ತಿಂಗಳ ಹತ್ತಿರ ಬಾಗಿಲು ಹಾಕಿದಾಗ ಎರಡು ಹೆಸರು ಕೊಡು ಅಂತ ನನ್ನನ್ನೂ ಕೇಳಿದರು. ವಾದ ಮಾಡಿದೆ, ಎಲ್ಲರ ಸಂಬಳವನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡೋಣ ಅಂದೆ, ಆಗಲಿಲ್ಲ. ಎರಡು ಹೆಸರು ಕೊಟ್ಟೆ. ಇಬ್ಬರಿಗೂ ಎಚ್.ಆರ್. ಕಡೆಯಿಂದ ಹೇಳಿಸದೇ ನಾನೇ ಫೋನ್ ಮಾಡಿ ಹೇಳಿದೆ. ಕೆಲಸ ಸಿಗೋವರೆಗೆ ಗೊತ್ತಿದ್ದವರಿಗೆಲ್ಲ ಅವರ ಪರವಾಗಿ ಫೋನ್ ಮಾಡ್ತಾ ಇದ್ದೆ. ಅದರಿಂದ ನಾನು ಒಳ್ಳೆಯವನಾದೆ ಅಂತಲ್ಲ. ಅಷ್ಟು ಮಾತ್ರ ನನ್ನ ಕೈಯಲ್ಲಿತ್ತು.

ಇನ್ನೊಂದು ಮಾತು, ಬೆಳವಣಿಗೆ ಅಂದ್ರೆ ಮ್ಯಾನೇಜರ್ ಆಗೋದು ಒಂದೇ ಅಲ್ಲ. ನಮ್ಮಲ್ಲಿ ಗದ್ದಲ ಮತ್ತು ಕಂಪನದ ವಿಷಯದಲ್ಲಿ ಪಳಗಿದ ಒಬ್ಬರು ಮೇಡಂ ಇದಾರೆ. ಕಾರಲ್ಲಿ ಹತ್ತು ನಿಮಿಷ ಕೂತು ಎಲ್ಲಿಂದ ಗುಂಯ್ ಅಂತಿದೆ ಅಂತ ಹೇಳಬಲ್ಲರು. ಮ್ಯಾನೇಜರ್ ಆಗಿ ಅಂದಾಗ ಎರಡು ಸಲ ಬೇಡ ಅಂದ್ರು. "ನನಗೆ ಜನರ ಗದ್ದಲ ಕೇಳೋಕೆ ಬರಲ್ಲ, ಕಾರಿನದ್ದೇ ಸಾಕು" ಅನ್ನೋದು ಅವರ ಉತ್ತರ. ಅವರಿಗಾಗಿ ಮ್ಯಾನೇಜರ್ ಸಂಬಳಕ್ಕೆ ಸಮನಾದ ತಾಂತ್ರಿಕ ಹುದ್ದೆ ಕೊಡಿಸೋಕೆ ನನಗೆ ಎರಡು ವರ್ಷ ಹಿಡೀತು. ಇದೇನೂ ಹೊಸ ವಿಚಾರ ಅಲ್ಲ. ಐಬಿಎಂ 1960ರ ದಶಕದಲ್ಲೇ ದೊಡ್ಡ ತಜ್ಞರಿಗೆ ಫೆಲೋ ಅನ್ನೋ ಹುದ್ದೆ ಶುರು ಮಾಡಿತ್ತು. ಹೆಸರಿಗೆ ಈ ಏಣಿ ಬಹಳ ಕಂಪನಿಗಳಲ್ಲಿದೆ, ಮೇಲಿನ ಮೆಟ್ಟಿಲುಗಳು ಮಾತ್ರ ಹಲವು ಕಡೆ ಖಾಲಿ.

ಗೂಗಲ್‌ನವರು ಒಳ್ಳೇ ಮ್ಯಾನೇಜರ್ ಯಾರು ಅಂತ ತಮ್ಮದೇ ಕಂಪನಿಯ ಸಮೀಕ್ಷೆ, ಅಪ್ರೈಸಲ್ ಎಲ್ಲಾ ಜಾಲಾಡಿ ಎಂಟು ಗುಣಗಳ ಪಟ್ಟಿ ಮಾಡಿದ್ದರು. 2011ರಲ್ಲಿ ಅದು ಹೊರಗೆ ಬಂತು. ಮೊದಲನೇದು ಜನರಿಗೆ ಒಳ್ಳೇ ಕೋಚ್ ಆಗಿರೋದು. ತಾಂತ್ರಿಕ ಜ್ಞಾನ ಬೇಕು, ಆದ್ರೆ ಅದು ಎಂಟನೇದು! ಅದೂ ಎಂಜಿನಿಯರುಗಳೇ ತುಂಬಿರೋ ಕಂಪನಿಯಲ್ಲಿ. ನಾನು ಮ್ಯಾನೇಜರ್ ಆದಾಗ ನನ್ನ ಹತ್ರ ಇದ್ದಿದ್ದು ಆ ಎಂಟನೇದು ಒಂದೇ.

*

ಇಷ್ಟೆಲ್ಲ ಬರೆದ ಮೇಲೆ ದೊಡ್ಡಪ್ಪನಿಗೂ ಹೇಳ್ಬೇಕಲ್ಲ ಅಂತ ಮತ್ತೆ ಈ ಶನಿವಾರ ಫೋನ್ ಮಾಡಿದೆ. ಅವರು ಮೂವತ್ತು ವರ್ಷ ಹೈಸ್ಕೂಲ್ ಮೇಷ್ಟ್ರು, ಕೊನೆಯ ಎಂಟು ವರ್ಷ ಹೆಡ್ ಮಾಸ್ಟರ್.

"ದೊಡ್ಡಪ್ಪ, ನೀವು ಹೆಡ್ ಮಾಸ್ಟರಾಗಿದ್ದಾಗ ನಿಮ್ಮ ಕೈಕೆಳಗೆ ಎಷ್ಟು ಜನ ಇದ್ರು?"

"ಒಂಬತ್ತು ಜನ ಮೇಷ್ಟ್ರು, ಒಬ್ಬ ಗುಮಾಸ್ತ, ಒಬ್ಬ ಜವಾನ. ಯಾಕೆ?"

"ಮಕ್ಕಳು?"

"ಮಕ್ಕಳನ್ನ ಹಾಗೆಲ್ಲ ಲೆಕ್ಕಕ್ಕೆ ಹಿಡೀತಾರೇನೋ! ಅವರು ಬರ್ತಾರೆ, ಹೋಗ್ತಾರೆ."

"ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿ ಐವತ್ತು ಜನ ಹೋಗ್ತಿದ್ರಲ್ಲ, ಆಗ ನಿಮಗೆ ಕಮ್ಮಿ ಆದ್ರು ಅನ್ನಿಸ್ತಿತ್ತಾ?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕಮ್ಮಿ ಯಾಕೆ ಅನ್ನಿಸ್ಬೇಕು? ಫೇಲಾಗಿ ಉಳ್ಕೊಂಡ್ರೆ ತಾನೆ ಬೇಜಾರು?" ಅಂದ್ರು.

"ನನ್ನ ಆ ಇಬ್ಬರೂ ಪಾಸಾಗಿ ಹೋದ್ರು ದೊಡ್ಡಪ್ಪ."

"ಹಾಗನ್ನು ಮತ್ತೆ!" ಅಂತ ಜೋರಾಗಿ ನಕ್ಕರು. ದೊಡ್ಡಮ್ಮನಿಗೂ ಕೂಗಿ ಹೇಳಿದರು. ಆಮೇಲೆ ದನಿ ಸರಿ ಮಾಡ್ಕೊಂಡು, "ಅದೆಲ್ಲ ಸರಿ, ಖಾಲಿಯಾದ ಎರಡು ಜಾಗ ಯಾವಾಗ ತುಂಬ್ತಾರೆ?" ಅಂತ ಕೇಳಿದರು.

ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗತ್ತೆ ಹೇಳಿ!